ರಾಜಪಾರ್ಟಿನ ನಾಲ್ಕು ಮುಖ: ಅಟ್ಟದಲ್ಲಿದ್ದ ಪಾಪ್ ಆರ್ಟ್ ಚಿತ್ರದ ರಿಪೇರಿ ದಾಖಲೆ

ಚಿತ್ರದ ಅಳತೆ 92 × 122 ಸೆಂ.ಮೀ., ಅಂದರೆ ಮೂರಡಿಗೆ ನಾಲ್ಕಡಿ. ಬಟ್ಟೆ ಮಾಂಜರಪಾಟ. ಒಂದೇ ರಾಜಪಾರ್ಟಿನ ಮುಖ ನಾಲ್ಕು ಸಲ, ನಾಲ್ಕು ಬೇರೆ ಬಣ್ಣದಲ್ಲಿ: ಕಿರೀಟ, ಹುರಿಮೀಸೆ, ಕೆನ್ನೆಗೆ ಗುಲಾಬಿ. ನಡುವೆ ಗೋಲಿ ಸೋಡಾ ಬಾಟಲಿಗಳ ಸಾಲು, ಹಿನ್ನೆಲೆಗೆ ಚುಕ್ಕಿ. ಜಾಹೀರಾತು, ಪೋಸ್ಟರು, ಅಂಗಡಿ ಸಾಮಾನುಗಳನ್ನೇ ಚಿತ್ರಕ್ಕೆ ತರುವ ಪಾಪ್ ಆರ್ಟಿನ ರೀತಿ ಇದು. ಬರೆದವರು ಮಾರಿಕಾಂಬಾ ಜಾತ್ರೆಗೆ ಕಂಪನಿ ನಾಟಕದೊಂದಿಗೆ ಬಂದು, ಕಂಪನಿ ಮುಚ್ಚಿದ ಮೇಲೆ ಶಿರಸಿಯಲ್ಲೇ ಬೋರ್ಡು ಬರೆಯುತ್ತ ಉಳಿದ ನಟ. ಮನೆಯವರು ಬೇಡ ಅಂದಿದ್ದರಿಂದ ಇಲ್ಲಿ ಹೆಸರಿಲ್ಲ. ಬಟ್ಟೆಯ ಹಿಂದೆ ಪೆನ್ಸಿಲಿನಲ್ಲಿ 1983 ಎಂದಿದೆ. ಚಿತ್ರ ಅಡಿಕೆ ಚೀಲಗಳ ಹಿಂದೆ ಮುಖ ಗೋಡೆಗೆ ಮಾಡಿ ನಿಂತಿತ್ತು. ‘ಹಳೇ ನಾಟಕದ ಬೋರ್ಡು’ ಎಂಬುದು ಮನೆಯವರ ಲೆಕ್ಕ, ಹಾಗಾಗಿ ಯಾರೂ ತಿರುಗಿಸಿ ನೋಡಿರಲಿಲ್ಲ.

ನಟರು ಬರೆದ ಚಿತ್ರಕ್ಕೆ ಈ ಗತಿ ಹೊಸದೇನಲ್ಲ. ಬ್ರಿಟನ್ನಿನ ಪಾಪ್ ಕಲಾವಿದೆ ಪಾಲಿನ್ ಬೋಟಿ (1938–1966) ಸಿನಿಮಾ, ಟೀವಿಯಲ್ಲಿ ನಟಿಸಿದವರು. ಅವರು ತೀರಿಕೊಂಡ ಮೇಲೆ ಚಿತ್ರಗಳು ಅಣ್ಣನ ಜಮೀನಿನ ಕಟ್ಟಡದಲ್ಲಿ ದೂಳು ತಿನ್ನುತ್ತ ಬಿದ್ದಿದ್ದು 1990ರ ದಶಕದಲ್ಲಿ ಹೊರಬಂದವು. ಶಿರಸಿಯಲ್ಲಾದರೆ ದೂಳಿನ ಜೊತೆಗೆ ಮಳೆಗಾಲವೂ ಇದೆ, ಅಡಿಕೆ ಬೇಯಿಸುವ ಹೊಗೆಯೂ ಇದೆ.

1. ನವೆಂಬರ್ 9. ಬೋರ್ಡೋ, ಪ್ರಿಂಟೋ, ಕೈಬರಹವೋ

ಕೈ ಹಾಕುವ ಮೊದಲು ಇದು ಇತ್ಯರ್ಥವಾಗಬೇಕು. ಛಾಪಿಸಿದ ಪೋಸ್ಟರಿಗೆ ಮಾಡುವ ಕೆಲಸ ಬೇರೆ, ಕೈಯಿಂದ ಬರೆದದ್ದಕ್ಕೆ ಬೇರೆ. 10 ಪಟ್ಟಿನ ಭೂತಗನ್ನಡಿ ಸಾಕು. ಆಫ್‌ಸೆಟ್ ಛಾಪು ಆಗಿದ್ದರೆ ಯಾವ ಬಣ್ಣ ನೋಡಿದರೂ ನೀಲಿ, ಕೆಂಪು, ಹಳದಿ, ಕಪ್ಪಿನ ಸಣ್ಣ ಚುಕ್ಕಿಗಳ ಹೂವಿನಂಥ ಜೋಡಣೆ ಕಾಣುತ್ತದೆ. ಸ್ಕ್ರೀನ್ ಪ್ರಿಂಟಾದರೆ ಬಣ್ಣದ ಪದರ ಎಲ್ಲೆಡೆ ಒಂದೇ ದಪ್ಪ, ಅಂಚಿನಲ್ಲಿ ಕೆಲವೊಮ್ಮೆ ಜಾಲರಿಯ ಹಲ್ಲು. ಇಲ್ಲಿ ಕಪ್ಪು ಗೆರೆಯ ಅಡಿಯಲ್ಲಿ ಪೆನ್ಸಿಲ್ ಗೆರೆ ಇದೆ. ಎರಡು ಕಡೆ ಪೆನ್ಸಿಲ್ ಒಂದು ದಾರಿ ಹಿಡಿದರೆ ಬ್ರಷ್ ಇನ್ನೊಂದು ದಾರಿ ಹಿಡಿದಿದೆ. ಅಂದರೆ ಕೈಬರಹ.

ಚುಕ್ಕಿಗಳ ವಿಷಯ ಇನ್ನೂ ಸ್ವಾರಸ್ಯ. ಅಳೆದಾಗ ಅವು ಸುಮಾರು 11 ಸೆಂ.ಮೀ. ಅಗಲದ ದುಂಡು ಗುಂಪುಗಳಲ್ಲಿವೆ. ಪ್ರತಿ ಗುಂಪಿನ ನಡುವಿನ ಚುಕ್ಕಿ ಚೊಕ್ಕ, ಅಂಚಿನವು ಹೊರಕ್ಕೆ ಹರಡಿದಂತೆ. ಮೂರನೇ ಸುತ್ತಿನಲ್ಲಿ ಒಂದು ಚುಕ್ಕಿ ಪ್ರತಿ ಗುಂಪಿನಲ್ಲೂ ಅದೇ ಜಾಗದಲ್ಲಿ ಅರ್ಧ ಮಾತ್ರ ಮೂಡಿದೆ. ತೂತು ಒಂದು ಕಡೆ ಮುಚ್ಚಿಕೊಂಡ, ನಡು ಬಗ್ಗಿದ ತಗಡೊಂದನ್ನು ಇಟ್ಟು ಮೇಲಿಂದ ಬಣ್ಣ ಕುಟ್ಟಿದ್ದಾರೆ. ಮನೆಯ ಅಡುಗೆಮನೆಯಿಂದ ಬೂಂದಿ ಝಾರಿ ತಂದು ಇಟ್ಟು ನೋಡಿದರೆ ತೂತುಗಳ ಅಂತರ ಸರಿಹೊಂದಿತು. ನ್ಯೂಯಾರ್ಕಿನಲ್ಲಿ ಪಾಪ್ ಕಲಾವಿದ ರಾಯ್ ಲಿಕ್ಟನ್‌ಸ್ಟೈನ್ ತೂತಿನ ತಗಡಿನ ಮೂಲಕ ಚುಕ್ಕಿ ಹಾಕಿದ್ದೂ ಇದೇ ತತ್ವ, ಆತನ ತಗಡು ಚಪ್ಪಟೆಯಾಗಿತ್ತು ಅಷ್ಟೆ. ಅರ್ಧ ಚುಕ್ಕಿಯನ್ನು ಬರೆದಿಟ್ಟುಕೊಳ್ಳುವುದು ಮುಖ್ಯ. ಇದು ಹಾಳಾದದ್ದಲ್ಲ, ಮೂಲದಲ್ಲೇ ಹೀಗೆ. ಮುಂದೆ ಯಾರಾದರೂ ಅದನ್ನು ಪೂರ್ತಿ ಮಾಡಲು ಹೊರಟರೆ ತಡೆಯಬೇಕು.

ಕತ್ತಲಲ್ಲಿ 395 ನ್ಯಾನೋಮೀಟರಿನ ಯುವಿ ಟಾರ್ಚ್ (550 ರೂ.) ಬಿಟ್ಟಾಗ ಮೇಲಿನ ಎಡ ಮುಖದ ಕಿತ್ತಳೆ ಹೊಳೆಯಿತು. ಅದು ಫ್ಲೋರೊಸೆಂಟ್ ಬಣ್ಣ. ಚೌಕಟ್ಟಿನ ಅಂಚಿನಡಿ ಬೆಳಕು ಕಾಣದ ಪಟ್ಟಿಯಲ್ಲಿ ಹೊಳಪು ಜೋರು, ತೆರೆದ ಕಡೆ ಮಂಕು. ಬೆಳಕಿಗೆ ಹಾರಿಹೋದ ಈ ಬಣ್ಣವನ್ನು ಯಾವ ರಿಪೇರಿಯೂ ವಾಪಸು ತರುವುದಿಲ್ಲ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಉಬ್ಬು, ತಗ್ಗು, ಎದ್ದ ಹಕ್ಕಳೆ ಗುರುತಿಸಿ ಒಟ್ಟು 64 ಫೋಟೋ ತೆಗೆದಾಯಿತು.

2. ನವೆಂಬರ್ 10–17. ಒಣಗಿಸುವುದು

ಬೂಷ್ಟು ಜೀವಂತ ಇರುವಾಗ ಒರೆಸಿದರೆ ಎಳೆ ಬಣ್ಣದೊಳಗೆ ಮೆತ್ತಿಕೊಳ್ಳುತ್ತದೆ. ಅಟ್ಟದಲ್ಲಿ ಗಾಳಿಯ ತೇವಾಂಶ ಶೇ. 84 ಇತ್ತು. ಚಿತ್ರವನ್ನು ಬಿಸಿಲು ಬೀಳದ ಕೋಣೆಗೆ ತಂದು, ಫ್ಯಾನನ್ನು ಚಿತ್ರದ ಕಡೆಗಲ್ಲ, ಗೋಡೆ ಕಡೆಗೆ ತಿರುಗಿಸಿ ಎಂಟು ದಿನ ಇಟ್ಟದ್ದು. ಮಧ್ಯಾಹ್ನ 52ಕ್ಕೆ ಇಳಿಯುತ್ತಿತ್ತು, ಬೆಳಗಿನ ಮಂಜಿಗೆ ಮತ್ತೆ 75. ಹಾಗಾಗಿ ಕಿಟಕಿ ಬೆಳಿಗ್ಗೆ ಹತ್ತಕ್ಕೆ ತೆಗೆದು ನಾಲ್ಕಕ್ಕೆ ಮುಚ್ಚುವುದು. ಅಂಗಳದಲ್ಲಿ ಅಡಿಕೆ ಜೊತೆ ಬಿಸಿಲಿಗೆ ಹಾಕಿ ಎಂಬ ಸಲಹೆ ಬಂತು. ಹಾಕಿದ್ದರೆ ಮಾಂಜರಪಾಟ ಒಂದು ಕಡೆ ಬಿಗಿದು, ಅಡಿಯ ಸರೇಸು (ಬಣ್ಣಕ್ಕೆ ಮೊದಲು ಬಟ್ಟೆಗೆ ಬಳಿದ ಅಂಟು) ಸೀಳಿ, ಬಣ್ಣ ಹಪ್ಪಳದಂತೆ ಏಳುತ್ತಿತ್ತು.

ಒಣಗಿದ ಬೂಷ್ಟು ಪುಡಿಯಾಗುತ್ತದೆ. ಎನ್95 ಮಾಸ್ಕ್ ಹಾಕಿ, ಜಗಲಿಗೆ ತಂದು, ಆಡಿನ ಕೂದಲಿನ ಅಗಲ ಬ್ರಷ್‌ನಿಂದ ವ್ಯಾಕ್ಯೂಮ್ ಬಾಯಿಯ ಕಡೆಗೆ ಗುಡಿಸಬೇಕು. ವ್ಯಾಕ್ಯೂಮಿಗೆ ಹೆಪಾ ಫಿಲ್ಟರ್ ಇರಲೇಬೇಕು, ಇಲ್ಲವಾದರೆ ಬೂಷ್ಟಿನ ಪುಡಿ ಹಿಂದಿನಿಂದ ಮನೆಗೆಲ್ಲ ಹರಡುತ್ತದೆ. ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದರೆ ಉದುರಿದ ಬಣ್ಣದ ಚೂರು ಒಳಗೆ ಹೋಗುವುದಿಲ್ಲ. ಎದ್ದು ನಿಂತ ಹಕ್ಕಳೆಗಳಿಗೆ ಮಾತ್ರ ಮೊದಲೇ 1% ಮೀಥೈಲ್ ಸೆಲ್ಯುಲೋಸ್ ಎಂಬ ಮೆದು ಅಂಟಿನ ದ್ರಾವಣವನ್ನು 00 ಬ್ರಷ್‌ನಿಂದ ಅಡಿಗೆ ಇಳಿಸಿ, ಅಂಟಿಕೊಳ್ಳದ ಸಿಲಿಕೋನ್ ಪೇಪರ್ ಇಟ್ಟು, ಮರಳು ತುಂಬಿದ ಚಿಕ್ಕ ಚೀಲದ ಭಾರ. ಇಂಥವು 31 ಜಾಗ. ಸ್ಯಾನಿಟೈಜರ್ ಸಿಂಪಡಿಸುವ ಯೋಚನೆಯೇ ಬೇಡ. ಅದರಲ್ಲಿರುವ ಆಲ್ಕೋಹಾಲ್ ಬೂಷ್ಟಿಗಿಂತ ಮೊದಲು ಎಮಲ್ಷನ್ ಬಣ್ಣವನ್ನು ಕರಗಿಸುತ್ತದೆ.

3. ನವೆಂಬರ್ 18. ಹಿಂಬದಿ

ಹಳೇ ಚೌಕಟ್ಟಿಗೆ ಕುಟ್ಟೆ ಹಿಡಿದಿತ್ತು, ಬೆರಳಲ್ಲಿ ಒತ್ತಿದರೆ ಹಿಟ್ಟು. ಕೆಳಗಿನ ಅಡ್ಡಪಟ್ಟಿ ಮತ್ತು ಬಟ್ಟೆಯ ಸಂದಿಯಲ್ಲಿ ಕುಂಬಾರ ಹುಳದ ಮೂರು ಗೂಡು. ಮುಂಬದಿಯ ಸೋಡಾ ಬಾಟಲಿ ಮೇಲೆ ಕಂಡಿದ್ದ ಉಬ್ಬಿಗೆ ಇವೇ ಕಾರಣ. ಕೆಂಪು ಮಣ್ಣಿಗೆ ನೀರು ತಾಗಿಸಿದರೆ ಕಲೆ ಬಟ್ಟೆಯ ಆಚೆ ಬದಿಗೂ ಹೋಗುತ್ತದೆ. ಒಣ ಗೂಡನ್ನು ಬಿದಿರಿನ ಚಾಕುವಿನಿಂದ ಮೇಲಿಂದ ಕೆಳಕ್ಕೆ ಪದರ ಪದರವಾಗಿ ಕೆರೆದು, ಕೊನೆಯ ಒಂದು ಮಿಲಿಮೀಟರನ್ನು ಗಡಸು ಬ್ರಷ್‌ನಲ್ಲಿ ತೆಗೆದದ್ದು. ಮೊಳೆಗಳು 46, ಎಲ್ಲವೂ ತುಕ್ಕು. ಜಗ್ಗಿದರೆ ಬಟ್ಟೆ ಹರಿಯುತ್ತದೆ, ಅದಕ್ಕೆ ಮೊಳೆ ಬಿಟ್ಟು ಮರವನ್ನೇ ಒಡೆದು ತೆಗೆದರೆ ಸುರಕ್ಷಿತ. ಕುಟ್ಟೆ ತಿಂದ ಮರ ಹೇಗೂ ಒಲೆಗೇ.

ಬಲ ಕೆಳಭಾಗದಲ್ಲಿ 7 ಸೆಂ.ಮೀ. ಉದ್ದದ ಎಲ್ ಆಕಾರದ ಹರಿ. ಅದಕ್ಕೆ ಯಾರೋ ಹಿಂದಿನಿಂದ ಪಂಚೆ ತುಂಡನ್ನು ಫೆವಿಕಾಲಿನಲ್ಲಿ ಅಂಟಿಸಿದ್ದಾರೆ. ಒಣಗಿದ ಫೆವಿಕಾಲ್ ಬಟ್ಟೆಗಿಂತ ಗಟ್ಟಿ, ಆದ್ದರಿಂದ ತೇಪೆಯ ಚೌಕ ಮುಂಬದಿಯಲ್ಲಿ ಅಚ್ಚೊತ್ತಿದಂತೆ ಕಾಣುತ್ತಿತ್ತು. ಒದ್ದೆ ಮಾಡಿ ಹಿಂಡಿದ ಬ್ಲಾಟಿಂಗ್ ಪೇಪರನ್ನು ತೇಪೆಯ ಮೇಲೆ 20 ನಿಮಿಷ ಇಟ್ಟು, ಮೆತ್ತಗಾದಷ್ಟನ್ನು ಮಾತ್ರ ಎತ್ತುವುದು, ಒಣಗಲು ಬಿಡುವುದು, ಮರುದಿನ ಮತ್ತೆ. ನಾಲ್ಕು ದಿನ ಹಿಡಿಯಿತು. ಒಂದೇ ದಿನ ಮುಗಿಸಲು ಹೋದರೆ ನೀರು ಸರೇಸಿಗೆ ಇಳಿದು ಮುಂದಿನ ಬಣ್ಣ ಸಡಿಲವಾಗುತ್ತದೆ. ನಾಟಕದ ಪರದೆ ಬರೆಯುವವರ ಹಾಗೆ ಇವರೂ ಬಟ್ಟೆಗೆ ಸರೇಸು ಮತ್ತು ಸೀಮೆಸುಣ್ಣದ ಪುಡಿಯನ್ನೇ ಬಳಿದಿದ್ದಾರೆ.

4. ನವೆಂಬರ್ 23. ಪರೀಕ್ಷೆ, ಮತ್ತು ದೊಡ್ಡ ತಪ್ಪು

ಪಾಪ್ ಆರ್ಟಿನವರು ಕೈಗೆ ಸಿಕ್ಕ ಅಂಗಡಿ ಬಣ್ಣ ಬಳಸಿದವರು. ಬಣ್ಣ ಯಾವುದು ಎಂದು ನೋಡಿ ಹೇಳಲಾಗದು, ಪರೀಕ್ಷಿಸಬೇಕು. ಲಿಕ್ಟನ್‌ಸ್ಟೈನ್ ಬಳಸಿದ ಮ್ಯಾಗ್ನಾ ಎಂಬ ಅಕ್ರಿಲಿಕ್ ಟರ್ಪೆಂಟೈನಿಗೆ ಕರಗುತ್ತದೆ. ಸಾಮಾನ್ಯ ಎಮಲ್ಷನ್ ಅದಕ್ಕೆ ಹೆಚ್ಚು ಜಗ್ಗುವುದಿಲ್ಲ, ಆದರೆ ನೀರಿಗೆ ಉಬ್ಬುತ್ತದೆ. ಹೆಸರು ಎರಡಕ್ಕೂ ಅಕ್ರಿಲಿಕ್ಕೇ.

ಬಿದಿರು ಕಡ್ಡಿಗೆ ಹತ್ತಿ ಸುತ್ತಿ, ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ, ಹಿಂಡಿ, ಅಂಚಿನಲ್ಲಿ ಉರುಳಿಸಿ ನೋಡಿದ್ದು. ತಿಕ್ಕಬಾರದು, ಉರುಳಿಸಬೇಕು. ನೀಲಿ, ಹಳದಿ ಎಮಲ್ಷನ್: ಐದು ಉರುಳಿಗೆ ಕೊಳೆ ಮಾತ್ರ, ಆರನೆಯದಕ್ಕೆ ತುಸು ಬಣ್ಣ. ಕಪ್ಪು ಗೆರೆ ಎನಾಮೆಲ್, ಏನೂ ಆಗಲಿಲ್ಲ. ಗುಲಾಬಿ: ಮೇಲಿನ ಬಲ ಮುಖದ ಕೆನ್ನೆಯಲ್ಲಿ ಪರೀಕ್ಷಿಸಿದಾಗ ಸುರಕ್ಷಿತ.

ತಪ್ಪಾದದ್ದು ಇಲ್ಲೇ. ನಾಲ್ಕೂ ಕೆನ್ನೆ ಒಂದೇ ಗುಲಾಬಿ ಎಂದು ಲೆಕ್ಕ ಹಾಕಿ ಕೆಳಗಿನ ಎಡ ಮುಖಕ್ಕೆ ನೇರ ನೀರಿನ ಹತ್ತಿ ಹಚ್ಚಲಾಯಿತು. ಎರಡನೇ ಉರುಳಿಗೆ ಹತ್ತಿ ಪೂರ್ತಿ ಗುಲಾಬಿ, ಚಿತ್ರದಲ್ಲಿ 8 ಮಿ.ಮೀ. ಬಿಳಿ. ಆ ಒಂದು ಕೆನ್ನೆಗೆ ಅವರು ಪೋಸ್ಟರ್ ಕಲರ್ ಹಾಕಿದ್ದರು, ಪ್ರಾಯಶಃ ಎಮಲ್ಷನಿಗೆ ಬೆರೆಸುವ ಬಣ್ಣದ ಸ್ಟೇನರ್ ಮುಗಿದಿತ್ತು. ಓರೆ ಬೆಳಕಿನ ಫೋಟೋ ಮತ್ತೆ ತೆರೆದು ನೋಡಿದರೆ ಆ ಕೆನ್ನೆ ಉಳಿದ ಮೂರಕ್ಕಿಂತ ಒರಟು, ಹೊಳಪು ಚೂರೂ ಇಲ್ಲ. ಸಾಕ್ಷಿ ಕೈಯಲ್ಲೇ ಇತ್ತು, ನೋಡಲಿಲ್ಲ. ಬಣ್ಣಕ್ಕೊಂದು ಪರೀಕ್ಷೆ ಸಾಲದು, ಬಣ್ಣ ಬಳಿದ ಪ್ರತಿ ಜಾಗಕ್ಕೂ ಒಂದು ಬೇಕು. ಆಮೇಲೆ 27 ಜಾಗ ಪರೀಕ್ಷಿಸಿ ನಕ್ಷೆ ಬರೆದದ್ದು. ಪೋಸ್ಟರ್ ಕಲರ್ ಇನ್ನೂ ಎರಡು ಕಡೆ ಸಿಕ್ಕಿತು.

5. ನವೆಂಬರ್ 25–ಡಿಸೆಂಬರ್ 21. ಹೊಗೆ ತೆಗೆಯುವುದು

ಮೊದಲು ಒಣ ಕೆಲಸ. ಮೇಕಪ್ಪಿಗೆ ಬಳಸುವ ತ್ರಿಕೋನದ ಸ್ಪಂಜು, ಔಷಧ ಹಾಕದ ಬಿಳಿಯದ್ದು, ಮಸಿಯನ್ನು ಚೆನ್ನಾಗಿ ಹಿಡಿಯುತ್ತದೆ. ಒಂದೇ ದಿಕ್ಕಿಗೆ ಒತ್ತಡವಿಲ್ಲದೆ ಎಳೆಯುವುದು, ಕಪ್ಪಾದ ಕೂಡಲೇ ಆ ಮೂಲೆ ಕತ್ತರಿಸಿ ಹಾಕುವುದು. ಅರ್ಧದಷ್ಟು ಕೊಳೆ ನೀರಿಲ್ಲದೆ ಹೋಯಿತು. ಬ್ರೆಡ್ಡಿನ ತಿರುಳು, ಹೆಚ್ಚಿದ ಆಲೂಗಡ್ಡೆ ತಿಕ್ಕುವ ವಿಡಿಯೋಗಳು ಬೇಕಾದಷ್ಟಿವೆ. ಉಳಿದ ಪಿಷ್ಟಕ್ಕೆ ಮೊದಲ ಮಳೆಯಲ್ಲೇ ಬೂಷ್ಟು ಬರುತ್ತದೆ, ಜಿರಲೆಯೂ.

ಉಳಿದದ್ದು ಹೊಗೆಯ ಜಿಡ್ಡು. ನೀರಿಗೆ ಬಗ್ಗಲಿಲ್ಲ, ಎಂಜಲಿಗೆ ಬಗ್ಗಿತು. ಇದು ತಮಾಷೆಯಲ್ಲ, ಚಿತ್ರ ಸಂರಕ್ಷಣೆಯಲ್ಲಿ ಒಪ್ಪಿದ ವಿಧಾನ. ಜೊಲ್ಲಿನಲ್ಲಿ ಕಿಣ್ವವೂ ಲವಣವೂ ಇವೆ, ಜಿಡ್ಡು ಸಡಿಲಿಸುತ್ತವೆ. ಮಡಿಯ ಮನೆಯಲ್ಲಿ ಚಿತ್ರಕ್ಕೆ ಎಂಜಲು ಮುಟ್ಟಿಸುವುದನ್ನು ನೋಡಿ ಅಜ್ಜಿಯೊಬ್ಬರು ಎದ್ದು ಒಳಗೆ ಹೋದದ್ದೂ ದಾಖಲಾಗಲಿ. ಊಟ, ಚಹಾ, ಕವಳದ ನಂತರ ಬಾಯಿ ತೊಳೆದು ಅರ್ಧ ಗಂಟೆ ಬಿಡಬೇಕು. ಬೂಷ್ಟು ಇದ್ದ ಜಾಗದಲ್ಲಿ ಕಡ್ಡಿ ಬಾಯಿಗೆ ಮತ್ತೆ ಹೋಗಕೂಡದು, ಪ್ರತಿ ಸಲ ಹೊಸ ಹತ್ತಿ. ಹಿಂದೆಯೇ ಡಿಸ್ಟಿಲ್ಡ್ ನೀರಿನ ಹತ್ತಿ, ಅದರ ಹಿಂದೆ ಒಣ ಹತ್ತಿ.

ವೇಗ: 10 × 10 ಸೆಂ.ಮೀ.ಗೆ 20 ನಿಮಿಷ. ಒಟ್ಟು 37 ಗಂಟೆ, ಒಂದು ಕಿಲೋ ಹತ್ತಿ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಮಾಡಿದ ದಿನಗಳಲ್ಲಿ ಕೈ ಭಾರವಾಗಿ ಹೊಳಪಿನ ಕಲೆ ಉಳಿದಿದೆ, ಹಳದಿ ಹಿನ್ನೆಲೆಯಲ್ಲಿ ಈಗಲೂ ಓರೆಯಿಂದ ನೋಡಿದರೆ ಕಾಣುತ್ತದೆ. ಎಣ್ಣೆಬಣ್ಣದ ಭೂದೃಶ್ಯವಾದರೆ ಬ್ರಷ್ ಗುರುತಿನ ನಡುವೆ ಇಂಥದು ಅಡಗುತ್ತಿತ್ತು. ಸಪಾಟು ಬಣ್ಣದಲ್ಲಿ ಅಡಗಲು ಜಾಗವೇ ಇಲ್ಲ. ಹಾಗಾಗಿ ಎಲ್ಲೆಡೆ ಪೂರ್ತಿ ಬಿಳುಪಾಗುವವರೆಗೆ ಹೋಗದೆ, ದೂರದಿಂದ ಒಂದೇ ಸಮ ಕಂಡಲ್ಲಿಗೆ ನಿಲ್ಲಿಸಿದ್ದು. ಪೋಸ್ಟರ್ ಕಲರಿನ ಮೂರು ಜಾಗಕ್ಕೆ ಸ್ಪಂಜು ಮಾತ್ರ.

6. ಡಿಸೆಂಬರ್ 23–28. ಮೀಸೆಯ ಮೇಲಿನ ಮೀಸೆ

ಕೆಳಗಿನ ಬಲ ಮುಖದ ಮೀಸೆಯನ್ನು ಆಮೇಲೆ ಯಾರೋ ಹೊಳಪಿನ ಎನಾಮೆಲಿನಲ್ಲಿ ದಪ್ಪ ಮಾಡಿದ್ದಾರೆ, ಸುಮಾರು 14 ಚದರ ಸೆಂ.ಮೀ. ಕರಗಿಸುವ ದಾರಿ ಮುಚ್ಚಿದೆ: ಎನಾಮೆಲನ್ನು ಕರಗಿಸುವಷ್ಟು ಖಾರದ ಥಿನ್ನರ್ ಅಡಿಯ ಎಮಲ್ಷನನ್ನು ಮೊದಲು ತಿನ್ನುತ್ತದೆ. ಕೈಹಿಡಿದದ್ದು ಕೊಳೆ. ದೊಡ್ಡ ಮೀಸೆ ಬರೆದವರು ಒರೆಸದೆ ಮಸಿಯ ಮೇಲೆಯೇ ಬರೆದಿದ್ದಾರೆ, ಆದ್ದರಿಂದ ಎರಡು ಬಣ್ಣದ ನಡುವೆ ಹೊಗೆಯ ತೆಳು ಪದರ. 15 ನಂಬರಿನ ಸರ್ಜಿಕಲ್ ಬ್ಲೇಡನ್ನು ಬಹುತೇಕ ಮಲಗಿಸಿ, ಭೂತಗನ್ನಡಿಯಲ್ಲಿ ನೋಡುತ್ತ ಅಂಚಿನಿಂದ ಒಳಕ್ಕೆ ತಳ್ಳಿದರೆ ಎನಾಮೆಲ್ ಉಗುರಿನಷ್ಟು ಚಕ್ಕೆಗಳಾಗಿ ಏಳುತ್ತದೆ. ಆರು ಗಂಟೆಯ ಕೆಲಸ. ಎರಡು ಕಡೆ ಚಕ್ಕೆಯ ಹಿಂಬದಿಗೆ ಅಡಿಯ ಹಳದಿ ಅಂಟಿ ಬರತೊಡಗಿತು, ಅಲ್ಲಿಗೆ ಬ್ಲೇಡ್ ಕೆಳಗಿಟ್ಟದ್ದು. ಎಡ ತುದಿಯಲ್ಲಿ ಅಕ್ಕಿಕಾಳಿನಷ್ಟು ಹೊಸ ಮೀಸೆ ಇನ್ನೂ ಇದೆ. ಇರಲಿ.

7. ಡಿಸೆಂಬರ್ 30–ಜನವರಿ 17. ಹರಿ ಜೋಡಿಸುವುದು

ಮೊದಲ ಪ್ರಯತ್ನ ಗೋಧಿ ಪಿಷ್ಟದ ಅಂಟು. ಪುಸ್ತಕ ಕಟ್ಟುವವರಿಗೆ ಒಗ್ಗಿದ್ದು, ಬೇಡವಾದರೆ ನೀರಲ್ಲಿ ಬಿಡುತ್ತದೆ. ಎಳೆಗಳನ್ನು ಸೂಜಿಯಿಂದ ಎದುರುಬದುರು ತಂದು ತುದಿಗೆ ತುದಿ ಅಂಟಿಸಿದ್ದು ಚೆನ್ನಾಗಿಯೇ ಕೂತಿತ್ತು. ಒಂಬತ್ತನೇ ದಿನ ಬೂದು ಚುಕ್ಕಿ. ಚಿತ್ರ ಮುಂದೆ ಹೋಗಬೇಕಾದದ್ದು ಕಡಲತೀರದ ಕಾರವಾರಕ್ಕೆ. ಚಳಿಗಾಲದಲ್ಲೇ ಹೀಗಾದರೆ ಅಲ್ಲಿನ ಜುಲೈಯಲ್ಲಿ ಏನು ಗತಿ. ಎಲ್ಲ ಬಿಚ್ಚಿ ತೆಗೆದದ್ದು.

ಎರಡನೇ ದಾರಿ ಬೆವಾ 371 ಫಿಲ್ಮ್ ಎಂಬ ಅಂಟಿನ ಹಾಳೆ (2,900 ರೂ., ಅರ್ಧಕ್ಕಿಂತ ಹೆಚ್ಚು ಉಳಿದಿದೆ). ಸುಮಾರು 65 ಡಿಗ್ರಿಗೆ ಮೆತ್ತಗಾಗಿ ಹಿಡಿಯುತ್ತದೆ, ಬೂಷ್ಟಿಗೆ ಮೇವಲ್ಲ, ಮತ್ತೆ ಬಿಸಿ ಮಾಡಿ ಬಿಡಿಸಬಹುದು. ತೊಂದರೆ ಇಸ್ತ್ರಿ ಪೆಟ್ಟಿಗೆಯದು. ಬಟ್ಟೆ ಇಸ್ತ್ರಿಯನ್ನು ತೀರ ಕಡಿಮೆಗೆ ಇಟ್ಟರೂ ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ 108 ತೋರಿಸಿತು. ಆ ಬಿಸಿಗೆ ಎಮಲ್ಷನ್ ಅಂಟಂಟಾಗಿ ಕೆಳಗಿನ ಹಾಳೆಗೆ ಹತ್ತಿಕೊಳ್ಳುತ್ತದೆ. ಆಟದ ವಿಮಾನಗಳ ರೆಕ್ಕೆಗೆ ಹಾಳೆ ಹಚ್ಚುವ ಪುಟ್ಟ ಇಸ್ತ್ರಿ (1,850 ರೂ.) 70ರಲ್ಲಿ ನಿಲ್ಲುತ್ತದೆ. ತೆಳು ಪಾಲಿಯೆಸ್ಟರ್ ಬಟ್ಟೆಯನ್ನು ಹರಿಗಿಂತ 15 ಮಿ.ಮೀ. ಸುತ್ತ ಬಿಟ್ಟು ಕತ್ತರಿಸಿ, ಅಂಚಿನ 5 ಮಿ.ಮೀ. ಎಳೆ ಬಿಚ್ಚಿ ಜುಂಗು ಮಾಡಬೇಕು. ನೇರ ಅಂಚು ಬಿಟ್ಟರೆ ಪಂಚೆ ತೇಪೆಯ ಹಾಗೆ ಮುಂದೆ ಗೆರೆ ಮೂಡುತ್ತದೆ. ಹಿಂದಿನಿಂದ 20 ಸೆಕೆಂಡ್ ಒತ್ತಿ, ತಣಿಯುವವರೆಗೆ ಭಾರ.

8. ಚೌಕಟ್ಟು

ಮೊದಲು ಮಾಡಿಸಿದ್ದು ಅಕೇಶಿಯಾದ್ದು, 1,100 ರೂ. ಮರ ಒಣಗಿರಲಿಲ್ಲ. ಬಟ್ಟೆ ಬಿಗಿಯುವ ಮೊದಲೇ ಮೂರು ವಾರದಲ್ಲಿ ಒಂದು ಮೂಲೆ 9 ಮಿ.ಮೀ. ಎದ್ದಿತು, ಅದೊಂದು ಪುಣ್ಯ. ಎರಡನೆಯದು ಹಳೇ ಬಾಗಿಲ ಸಾಗವಾನಿಯದ್ದು, 2,600 ರೂ., 45 × 22 ಮಿ.ಮೀ. ಪಟ್ಟಿ, ನಡುವೆ ಒಂದು ಅಡ್ಡಪಟ್ಟಿ. ಆಚಾರಿಗೆ ಎರಡು ಮಾತು ಒತ್ತಿ ಹೇಳಬೇಕು: ಮೂಲೆಗೆ ಅಂಟು ಬೇಡ, ಬೆಣೆ ಹೊಡೆಯಲು ಸಂದಿ ಬಿಡಿ; ಬಟ್ಟೆ ತಾಗುವ ಬದಿಯ ಒಳಅಂಚನ್ನು ಇಳಿಜಾರು ಕೆತ್ತಿ. ಇಳಿಜಾರು ಇಲ್ಲದಿದ್ದರೆ ಕೆಲವೇ ವರ್ಷದಲ್ಲಿ ಚೌಕಟ್ಟಿನ ಗೆರೆ ಚಿತ್ರದ ಮುಖಕ್ಕೆ ಬರುತ್ತದೆ. ಸ್ಟೇಪಲ್ ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು. ಉಪ್ಪುಗಾಳಿಗೆ ಕಬ್ಬಿಣ ಒಂದು ಮಳೆಗಾಲ ತಾಳಿದರೆ ಹೆಚ್ಚು.

ಬಟ್ಟೆಯನ್ನು ಡೋಲಿನಂತೆ ಬಿಗಿಯಬೇಡಿ. ಹಳೇ ಮಾಂಜರಪಾಟ ಮಳೆಗಾಲದಲ್ಲಿ ತಾನೇ ಬಿಗಿಯುತ್ತದೆ.

9. ಜನವರಿ 28–ಫೆಬ್ರವರಿ 9. ತುಂಬುವುದು, ಬಣ್ಣ ಹಚ್ಚುವುದು

ಬಣ್ಣ ಹೋದ ಕಡೆಗಳಿಗೆ ಮಾತ್ರ, ಒಟ್ಟು 22 ಚದರ ಸೆಂ.ಮೀ. ಸೀಮೆಸುಣ್ಣದ ನುಣ್ಣನೆ ಪುಡಿಯನ್ನು 4% ಮೀಥೈಲ್ ಸೆಲ್ಯುಲೋಸಿನಲ್ಲಿ ಚಟ್ನಿಯ ಹದಕ್ಕೆ ಕಲಸಿ ಎರಡು ಸಲವಾಗಿ ತುಂಬಿ, ತುಸು ಒದ್ದೆ ಬೆಂಡಿನಿಂದ ಸಮ ಮಾಡಿದ್ದು. ಮೇಲೆ ಗ್ವಾಶ್ ಬಣ್ಣ, ನೀರಲ್ಲಿ ತೆಗೆಯಬಹುದಾದದ್ದು. ಗ್ವಾಶ್ ಒಣಗಿದಾಗ ತೆಳು ಬಣ್ಣ ಗಾಢವಾಗುತ್ತದೆ, ಗಾಢ ಬಣ್ಣ ತೆಳುವಾಗುತ್ತದೆ. ಆದ್ದರಿಂದ ಕಾಗದದ ಪಟ್ಟಿಯಲ್ಲಿ ಬಳಿದು, ಒಣಗಿಸಿ, ಕಿಟಕಿ ಬೆಳಕಿನಲ್ಲಿ ಪಕ್ಕ ಇಟ್ಟು ನೋಡಬೇಕು. ನೀಲಿಗೆ 11 ಪಟ್ಟಿ ಬೇಕಾದವು. ಎಲ್‌ಇಡಿ ಕೆಳಗೆ ಸರಿಹೊಂದಿದ್ದ ಏಳನೆಯದು ಹಗಲಲ್ಲಿ ಹಸಿರಿಗೆ ತಿರುಗಿತ್ತು.

ಕಳೆದುಹೋದ ಎರಡು ಚುಕ್ಕಿಗಳನ್ನು ಝಾರಿಯಿಂದಲೇ ಹಾಕಿಬಿಡೋಣ ಎಂಬ ಆಸೆ ಬಂದದ್ದು ಹೌದು. ಕೈಯಲ್ಲೇ ಬ್ರಷ್ ಹಿಡಿದು ಹಾಕಿದ್ದು. ಝಾರಿ ಇಟ್ಟರೆ ಪಕ್ಕದ ಮೂಲ ಚುಕ್ಕಿಗಳಿಗೂ ಬಣ್ಣ ತಾಗುತ್ತದೆ. ನೀರಲ್ಲಿ ಹೋದ 8 ಮಿ.ಮೀ. ಗುಲಾಬಿಯನ್ನೂ ತುಂಬಲಾಗಿದೆ, ಆದರೆ ಮೂಲಕ್ಕಿಂತ ಒಂದು ಕೂದಲು ತೆಳು. ವಾರ್ನಿಷ್ ಇಲ್ಲ. ಇದ್ದದ್ದು ಮಂಕು, ಎನಾಮೆಲ್ ಗೆರೆ ಮಾತ್ರ ಮಿಂಚು. ಆ ವ್ಯತ್ಯಾಸವೇ ಚಿತ್ರ. ವಾರ್ನಿಷ್ ಹೊಡೆದರೆ ಎರಡೂ ಒಂದಾಗಿ ನಿಜಕ್ಕೂ ಬೋರ್ಡೇ ಆಗುತ್ತದೆ, ತೆಗೆಯಲೂ ಬಾರದು.

10. ಫೆಬ್ರವರಿ 14–20. ಕಾರವಾರಕ್ಕೆ

ಮುಂದೆ ಗಾಜು, ಚಿತ್ರಕ್ಕೂ ಗಾಜಿಗೂ 8 ಮಿ.ಮೀ. ಅಂತರ. ಅಂತರ ಬಿಡದಿದ್ದರೆ ಸೆಕೆಗೆ ಎಮಲ್ಷನ್ ಗಾಜಿಗೆ ಕಚ್ಚುತ್ತದೆ. ಹಿಂದೆ ಪಾಲಿಪ್ರಾಪಿಲೀನಿನ ಸುಕ್ಕು ಹಾಳೆ, ಪ್ಲೈವುಡ್ ಬೇಡ. ನುಸಿಗುಳಿಗೆ ಇಡಬಾರದು, ಅದರ ಹಬೆ ಬಣ್ಣಕ್ಕೆ ಒಳ್ಳೆಯದಲ್ಲ. ಸಿಲಿಕಾ ಜೆಲ್ ಪೊಟ್ಟಣವೂ ಇಂಥ ತೆರೆದ ಚೌಕಟ್ಟಿನಲ್ಲಿ ಬೇಗ ತೇವ ತುಂಬಿಕೊಂಡು ಸುಮ್ಮನಾಗುತ್ತದೆ.

ದೇವಿಮನೆ ಘಟ್ಟದ ತಿರುವುಗಳಲ್ಲಿ ಚಿತ್ರ ನೆಟ್ಟಗೆ ನಿಂತಿರಬೇಕು, ಗಾಜಿಗೆ ಮಾಸ್ಕಿಂಗ್ ಟೇಪ್ ಅಡ್ಡಡ್ಡ. ಗಾಜು ಹಾಕುವ ಮೊದಲೇ ಸಾಗಿಸುವವರು ಬಬಲ್ ಶೀಟನ್ನು ಮುಖಕ್ಕೆ ಸುತ್ತಬೇಡಿ, ಗುಳ್ಳೆಯ ಅಚ್ಚು ಬಣ್ಣದಲ್ಲಿ ಉಳಿಯುತ್ತದೆ.

ಕಾರವಾರದ ಮನೆಯಲ್ಲಿ ಗುರುತು ಮಾಡಿಟ್ಟಿದ್ದ ಜಾಗ ಸಮುದ್ರದ ಕಡೆಯ ಚಿರೆಕಲ್ಲಿನ ಗೋಡೆ. ಮಳೆಗಾಲದಲ್ಲಿ ಅದು ನೀರು ಕುಡಿಯುತ್ತದೆ. ಒಳಗೋಡೆಗೆ ಬದಲಿಸಿ, ಹಿಂದೆ ನಾಲ್ಕು ಮೂಲೆಗೆ 15 ಮಿ.ಮೀ. ಬೆಂಡಿನ ತುಂಡು ಕೊಟ್ಟು ಗಾಳಿಯಾಡಲು ಬಿಟ್ಟದ್ದು. ಮೊದಲ ವಾರದ ತೇವಾಂಶ 61ರಿಂದ 72. ಜೂನಿನಿಂದ ವಾರಕ್ಕೊಮ್ಮೆ ಹಿಂಬದಿಗೆ ಟಾರ್ಚ್ ಹಿಡಿದು ನೋಡಬೇಕು.

ಖರ್ಚು 13,500 ರೂ., ಹಾಳಾದ ಅಕೇಶಿಯಾ ಸೇರಿ 14,600. ಕೂಲಿ ಸೇರಿಸಿಲ್ಲ. ಹಿಂದಿನ ಹಾಳೆಗೆ ಒಂದು ಲಕೋಟೆ ಅಂಟಿಸಿದೆ: ಬಣ್ಣದ ನಕ್ಷೆ, ಪೋಸ್ಟರ್ ಕಲರಿನ ಮೂರು ಜಾಗ, ಅರ್ಧ ಚುಕ್ಕಿಯ ಗುರುತು, ಪಂಚೆ ತೇಪೆ, ಮೀಸೆಯಿಂದ ಎದ್ದ ಚಕ್ಕೆಗಳು. ಝಾರಿ ಅಡುಗೆಮನೆಗೆ ವಾಪಸು ಹೋಗಿದೆ.